ಪಿನ್ ಚುಚ್ಚಿದರೂ ಸದ್ದಿಲ್ಲವೇ? ಇಎಂಎಸ್ ಸಿಂಥಿ ಕಲಿಯಲು ಸಮಗ್ರ ಮಾರ್ಗದರ್ಶಿ

ಸಿಂಥಿ ಎ ಮತ್ತು ವಿಸಿಎಸ್3 ಅಂದರೆ ಕರೆಂಟಿನಿಂದ ಸದ್ದು ಹುಟ್ಟಿಸುವ ವಾದ್ಯಗಳು, ಅಂದರೆ ಸಿಂತಸೈಜರ್ (ಚಿಕ್ಕದಾಗಿ ಸಿಂತ್). ಇವುಗಳ ಒಳಗಿನ ಭಾಗಗಳನ್ನು ಕೇಬಲ್ ಬದಲು ಸಣ್ಣ ಪಿನ್ ಚುಚ್ಚಿ ಜೋಡಿಸಬೇಕು. ಇವು ಕೈಗೆ ಸಿಕ್ಕವರು ಮೊದಲ ದಿನ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಡಬ್ಬಿಯಲ್ಲಿರುವ ಪಿನ್‌ಗಳನ್ನೆಲ್ಲ ಸುರಿದುಕೊಂಡು ಕಂಡ ತೂತಿಗೆಲ್ಲ ಚುಚ್ಚುತ್ತಾರೆ. ಒಂದೋ ಸದ್ದೇ ಬರುವುದಿಲ್ಲ, ಇಲ್ಲವೇ ಕಿವಿ ಸೀಳುವ ಕೂಗು ಬರುತ್ತದೆ. ಅರ್ಧ ಗಂಟೆ ನಾಬ್ ತಿರುಗಿಸಿ, ಬೇಜಾರಾಗಿ, ಎಲ್ಲ ಪಿನ್ ಕಿತ್ತು ಮತ್ತೆ ಶುರು. ಮೂರನೇ ದಿನ "ಮಷೀನ್ ಕೆಟ್ಟಿದೆ" ಅಂತ ಫೋನ್ ಬರುತ್ತದೆ. ಬಹುಪಾಲು ಸಲ ಮಷೀನ್ ಸರಿಯಾಗಿಯೇ ಇರುತ್ತದೆ. ಪಿನ್ ಹಾಕಿದ ಕ್ರಮ ತಪ್ಪಿರುತ್ತದೆ.

ಲಂಡನ್ನಿನ ಇಎಂಎಸ್ ಕಂಪನಿ 1969ರಲ್ಲಿ ತಂದ ವಿಸಿಎಸ್3 ಮತ್ತು 1971ರಲ್ಲಿ ಅದನ್ನೇ ಸೂಟ್‌ಕೇಸಿನೊಳಗೆ ಕೂರಿಸಿದ ಸಿಂಥಿ ಎ, ಎರಡಕ್ಕೂ ಕೆಳಗಿನ ಹಂತಗಳು ಹೊಂದುತ್ತವೆ. ಕೀಬೋರ್ಡ್ ಸೇರಿಸಿದ ಎಕೆಎಸ್‌ಗೂ ಅಷ್ಟೇ.

## ಹಂತ 1: ದುಡ್ಡು ಕೊಡುವ ಮುಂಚೆ

ಅಸಲಿ ಮಷೀನಿನ ಬೆಲೆ ಈಗ ಹತ್ತು ಲಕ್ಷ ದಾಟುವುದು ಮಾಮೂಲು. ಅಷ್ಟು ದುಡ್ಡು ಸುರಿಯುವ ಮೊದಲು ಒಂದು ತಿಂಗಳು ಸಾಫ್ಟ್‌ವೇರಿನಲ್ಲಿ ಆಡಿ ನೋಡಿ. ಆರ್ಟುರಿಯಾ ಕಂಪನಿಯ ಸಿಂಥಿ ವಿ ಇದೇ ಮ್ಯಾಟ್ರಿಕ್ಸನ್ನು, ಅಂದರೆ ಪಿನ್ ಚುಚ್ಚುವ ತೂತುಗಳ ಚೌಕವನ್ನು, ಪರದೆಯ ಮೇಲೆ ಕೊಡುತ್ತದೆ. ಲಾಟ್ವಿಯಾದ ಎರಿಕಾ ಸಿಂತ್ಸ್ 2020ರಲ್ಲಿ ತಂದ ಸಿಂಟ್ರಿಕ್ಸ್ ಕೂಡ ಇದೇ ಜಾತಿಯದು. ಅದರಲ್ಲಿ ಕೈಯಲ್ಲಿ ಹಿಡಿಯುವ ಪಿನ್ ಇಲ್ಲ, ಮ್ಯಾಟ್ರಿಕ್ಸ್ ಎಲೆಕ್ಟ್ರಾನಿಕ್. ಈ ಎರಡರಲ್ಲೂ 3ನೇ ಹಂತದಿಂದ ಶುರು ಮಾಡಬಹುದು.

ಹಳೆಯದನ್ನೇ ಕೊಳ್ಳುವುದಾದರೆ ಮಾರುವವರು ಕಳಿಸುವ ವಿಡಿಯೊ ನಂಬಬೇಡಿ. ನನಗೂ ಒಂದು ವಿಡಿಯೊ ಬಂದಿತ್ತು. ಚೆಂದದ ಗಾಳಿ ಸದ್ದು, ಜಾಯ್‌ಸ್ಟಿಕ್ ಅಲ್ಲಾಡಿಸಿದರೆ ಸುಂಯ್ ಅನ್ನುತ್ತಿತ್ತು. ಪೆಟ್ಟಿಗೆ ಮನೆಗೆ ಬಂದ ಮೇಲೆ ನೋಡಿದರೆ ಒಂದು ತೂತಿನಲ್ಲಿ ಮುರಿದ ಪಿನ್ನಿನ ತುದಿ ಕೂತಿತ್ತು. ವಿಡಿಯೊದಲ್ಲಿ ಆ ಮೂಲೆ ಬಂದೇ ಇರಲಿಲ್ಲ. ಆದ್ದರಿಂದ ಮ್ಯಾಟ್ರಿಕ್ಸಿನ ನೇರ ಮೇಲಿನಿಂದ ತೆಗೆದ ಫೋಟೊ ಕೇಳಿ, ಪಿನ್ ಒಂದೂ ಇಲ್ಲದೆ, ಟಾರ್ಚ್ ಬೆಳಕಿನಲ್ಲಿ. ಎಷ್ಟು ಪಿನ್ ಕೊಡುತ್ತಾರೆ, ಯಾವ ಬಣ್ಣದವು ಎಷ್ಟು ಅಂತಲೂ ಕೇಳಿ. ಪವರ್ ಸಪ್ಲೈ ಕೊನೆಯ ಬಾರಿ ಯಾವಾಗ ರಿಪೇರಿ ಆಗಿದೆ ಅನ್ನುವುದು ಮೂರನೇ ಪ್ರಶ್ನೆ.

ಬೇಕಾಗುವ ಸಾಮಾನು: ಮಲ್ಟಿಮೀಟರ್, ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಸಣ್ಣ ಮಿಕ್ಸರ್, ಹೆಡ್‌ಫೋನ್, ಬಣ್ಣದ ಪೆನ್ಸಿಲ್, ಒಂದಷ್ಟು ಚೌಕುಳಿ ಹಾಳೆ, ಶ್ರುತಿ ಪೆಟ್ಟಿಗೆ ಅಥವಾ ಟ್ಯೂನರ್. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಮೊದಲೆರಡು ಸಲೀಸಾಗಿ ಸಿಗುತ್ತವೆ.

## ಹಂತ 2: ಪ್ಲಗ್ ಹಾಕುವ ಮುಂಚೆ

ಬೇರೆ ದೇಶದಿಂದ ಬಂದ ಮಷೀನನ್ನು ಅಲ್ಲಿನ ವೋಲ್ಟೇಜಿಗೆ ಹೊಂದಿಸಿರುತ್ತಾರೆ. ಅಮೆರಿಕದಿಂದ ಬಂದದ್ದನ್ನು ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಅಲ್ಲಿಗೆ ಕಥೆ ಮುಗಿಯಿತು. ಮೊದಲು ಅದನ್ನು ಖಚಿತ ಮಾಡಿಕೊಳ್ಳಿ.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಮಷೀನನ್ನು ತಂದ ದಿನವೇ ಆನ್ ಮಾಡಬೇಡಿ. ಪವರ್ ಸಪ್ಲೈಯ ಕೆಪಾಸಿಟರ್‌ಗಳು ಒಣಗಿರಬಹುದು. ತಿಳಿದ ಮೆಕ್ಯಾನಿಕ್ ಕೈಲಿ ಪರೀಕ್ಷೆ ಮಾಡಿಸಿ. ಅವರು ಡಿಮ್ಮರ್‌ಸ್ಟ್ಯಾಟ್ ಇಟ್ಟುಕೊಂಡು ವೋಲ್ಟೇಜ್ ನಿಧಾನಕ್ಕೆ ಏರಿಸುತ್ತಾರೆ. ಒಳಗೆ ಮೇನ್ಸ್ ಕರೆಂಟ್ ಇರುತ್ತದೆ, ನೀವೇ ಬಿಚ್ಚಲು ಹೋಗಬೇಡಿ. ಅರ್ತಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟೇ ಬೇಕು. ಎರಡು ಪಿನ್ನಿನ ಅಡಾಪ್ಟರ್ ಹಾಕಿ ಕೂತರೆ ಗುಂಯ್ ಸದ್ದಿನ ಜೊತೆ ಶಾಕ್ ಹೊಡೆಯುವ ಭಯವೂ ಇರುತ್ತದೆ.

ಅಪಾಯದ ಸೂಚನೆ: ಸುಟ್ಟ ವಾಸನೆ, ಒಂದೂ ಪಿನ್ ಇಲ್ಲದಿದ್ದರೂ ಜೋರು ಗುಂಯ್, ಪೆಟ್ಟಿಗೆ ಕೈ ಇಡಲಾಗದಷ್ಟು ಬಿಸಿ. ಮೂರರಲ್ಲಿ ಯಾವುದು ಕಂಡರೂ ತಕ್ಷಣ ಸ್ವಿಚ್ ಆಫ್.

## ಹಂತ 3: ಮ್ಯಾಟ್ರಿಕ್ಸ್ ಓದಲು ಕಲಿಯಿರಿ (ಕರೆಂಟ್ ಇಲ್ಲದೆ)

16 ಅಡ್ಡಸಾಲು, 16 ಕಂಬಸಾಲು, ಒಟ್ಟು 256 ತೂತು. ಅಡ್ಡಸಾಲುಗಳ ಎಡಬದಿಯಲ್ಲಿ ಬರೆದಿರುವುದು ಕೊಡುವ ಭಾಗಗಳ ಹೆಸರು: ಆಸಿಲೇಟರ್ (ಸ್ವರ ಹುಟ್ಟಿಸುವುದು), ನಾಯ್ಸ್ (ಭೋರ್ ಅನ್ನುವ ಸದ್ದು), ಫಿಲ್ಟರ್ (ಸದ್ದು ಸೋಸುವುದು), ರಿವರ್ಬ್ (ಮಾರ್ದನಿ ಕೊಡುವುದು) ಇತ್ಯಾದಿ. ಕಂಬಸಾಲುಗಳ ಮೇಲೆ ಬರೆದಿರುವುದು ತೆಗೆದುಕೊಳ್ಳುವ ಭಾಗಗಳ ಹೆಸರು. ಒಂದು ತೂತಿಗೆ ಪಿನ್ ಹಾಕಿದರೆ ಆ ಸಾಲಿನವರು ಆ ಕಂಬದವರಿಗೆ ಕೊಡುತ್ತಾರೆ. ಅಷ್ಟೇ.

ಇದರಲ್ಲಿ ಒಂದು ಗುಟ್ಟಿದೆ. ಎಡಗಡೆಯ 8 ಕಂಬಗಳು ಸದ್ದನ್ನು ತೆಗೆದುಕೊಳ್ಳುತ್ತವೆ. ಬಲಗಡೆಯ 8 ಕಂಬಗಳು ಹತೋಟಿಯ ವೋಲ್ಟೇಜ್ ತೆಗೆದುಕೊಳ್ಳುತ್ತವೆ. ಎಂದರೆ ಬಲಗಡೆ ಹಾಕಿದ ಪಿನ್ ನಿಮಗಾಗಿ ನಾಬ್ ತಿರುಗಿಸುವ ಅದೃಶ್ಯ ಕೈ ಇದ್ದ ಹಾಗೆ. "ಫಿಲ್ಟರ್" ಅನ್ನುವ ಹೆಸರು ಎಡಗಡೆಯೂ ಇದೆ, ಬಲಗಡೆಯೂ ಇದೆ. ಎಡಗಡೆಯದು ಸದ್ದು ಒಳಗೆ ಹೋಗುವ ಬಾಗಿಲು, ಬಲಗಡೆಯದು ಫಿಲ್ಟರ್ ಎಷ್ಟು ತೆರೆಯಬೇಕು ಅಂತ ಹೇಳುವ ಜಾಗ. ನಾನು ಕಂಡ ತಪ್ಪುಗಳಲ್ಲಿ ಅರ್ಧ ಇಲ್ಲೇ ಹುಟ್ಟುತ್ತವೆ. ಸದ್ದಿನ ಪಿನ್ನನ್ನು ಬಲಗಡೆಗೆ ಹಾಕಿ ಫಿಲ್ಟರ್ ಕೆಲಸ ಮಾಡುತ್ತಿಲ್ಲ ಅನ್ನುತ್ತಾರೆ.

ಹತ್ತು ನಿಮಿಷ ಹೀಗೆ ಅಭ್ಯಾಸ ಮಾಡಿ. ಎಡಗೈ ಬೆರಳು ಸಾಲಿನ ಹೆಸರಿನ ಮೇಲೆ, ಬಲಗೈ ಬೆರಳು ಕಂಬದ ಹೆಸರಿನ ಮೇಲೆ. ಎರಡನ್ನೂ ನೇರಕ್ಕೆ ಎಳೆದು ಕೂಡುವ ತೂತಿಗೆ ತನ್ನಿ. ಬಾಯಲ್ಲಿ ಹೇಳಿ: "ಆಸಿಲೇಟರ್ 1, ಫಿಲ್ಟರಿಗೆ." ಮಗ್ಗಿ ಹೇಳಿದ ಹಾಗಾಗುತ್ತದೆ, ಪರವಾಗಿಲ್ಲ. ಮಂದ ಬೆಳಕಿನಲ್ಲಿ ಒಂದು ಸಾಲು ಮೇಲೆ ಕೆಳಗೆ ಆಗುವುದು ಎಲ್ಲರಿಗೂ ಆಗುತ್ತದೆ. ನಾನು ಈಗಲೂ ಒಂದು ಅಡಿಪಟ್ಟಿ ಇಟ್ಟುಕೊಂಡೇ ಪಿನ್ ಹಾಕುವುದು.

## ಹಂತ 4: ಪಿನ್‌ಗಳನ್ನು ಅಳೆಯಿರಿ

ಪಿನ್ ಬರೀ ಲೋಹದ ಕಡ್ಡಿಯಲ್ಲ. ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ರೆಸಿಸ್ಟರ್ ಇದೆ. ಬಿಳಿ ಪಿನ್ 2.7 ಕಿಲೋಓಮ್, 5% ಹೆಚ್ಚುಕಡಿಮೆ. ಕೆಂಪು ಕೂಡ 2.7 ಕಿಲೋಓಮ್, ಆದರೆ 1% ನಿಖರ. ಹಸಿರು 68 ಕಿಲೋಓಮ್, ಎಂದರೆ ಬಿಳಿಯದಕ್ಕಿಂತ ಸುಮಾರು 25 ಪಟ್ಟು ಜಾಸ್ತಿ ತಡೆ. ಹಾಗಾಗಿ ಹಸಿರು ಪಿನ್ನಿನಲ್ಲಿ ಹೋದದ್ದು ತೀರಾ ಮೆತ್ತಗಾಗಿ ಹೋಗುತ್ತದೆ.

ಸಾಮಾನ್ಯ ಸದ್ದಿಗೆ ಬಿಳಿ. ಸ್ವರಸ್ಥಾನ ಸರಿಯಾಗಿ ಬೇಕಾದ ಕಡೆ, ಅಂದರೆ ಕೀಬೋರ್ಡಿನಿಂದ ಆಸಿಲೇಟರಿಗೆ, ಕೆಂಪು. ಸ್ವಲ್ಪವೇ ಸ್ವಲ್ಪ ಕಂಪನ ಬೇಕಾದ ಕಡೆ ಹಸಿರು. ವೈಬ್ರಾಟೊಗೆ ಬಿಳಿ ಪಿನ್ ಹಾಕಿದರೆ ಆಂಬುಲೆನ್ಸ್ ಬಂದ ಹಾಗಾಗುತ್ತದೆ. ಅಲ್ಲಿಗೆ ಹಸಿರು ಹಾಕಿ ನೋಡಿ, ಗಾಯಕರ ಗಂಟಲಿನಷ್ಟು ಅಲುಗುತ್ತದೆ.

ಕೈಗೆ ಬಂದ ಪಿನ್‌ಗಳನ್ನು ಒಂದೊಂದಾಗಿ ಅಳೆಯಿರಿ. ಮಲ್ಟಿಮೀಟರಿನ ಒಂದು ಕಡ್ಡಿ ಪಿನ್ನಿನ ತುದಿಗೆ, ಇನ್ನೊಂದು ಮೇಲಿನ ಲೋಹದ ಬಳೆಗೆ. ಬಿಳಿಯದು 2.57ರಿಂದ 2.83 ಕಿಲೋಓಮ್ ಒಳಗೆ ತೋರಿಸಬೇಕು. ಮೀಟರ್ ಏನೂ ತೋರಿಸದಿದ್ದರೆ ಆ ಪಿನ್ ಸತ್ತಿದೆ, ಬೇರೆ ಡಬ್ಬಿಗೆ ಹಾಕಿ. ಅಂಕಿ ಕುಣಿಯುತ್ತಿದ್ದರೆ ಕೊಳೆ ಇದೆ, ಒರೆಸಿ ಮತ್ತೆ ನೋಡಿ. ಈಚೆಗೆ ಬೇರೆಯವರು ಮಾಡಿದ ಪಿನ್‌ಗಳಲ್ಲಿ ಬಣ್ಣಕ್ಕೂ ಒಳಗಿನ ಓಮ್ ಅಂಕಿಗೂ ಸಂಬಂಧ ಇರಲೇಬೇಕೆಂದಿಲ್ಲ. ಬಣ್ಣ ನಂಬುವ ಬದಲು ಮೀಟರ್ ನಂಬಿ.

## ಹಂತ 5: ಮೊದಲ ಸದ್ದು

1. ಎಲ್ಲ ಪಿನ್ ತೆಗೆಯಿರಿ. ಎಲ್ಲ ಲೆವೆಲ್ ನಾಬ್ ಸೊನ್ನೆಗೆ. ಜಾಯ್‌ಸ್ಟಿಕ್ ನಡುವಿಗೆ.
2. ಆನ್ ಮಾಡಿ ಅರ್ಧ ಗಂಟೆ ಬಿಡಿ. ಕಾಫಿ ಕುಡಿದು ಬನ್ನಿ.
3. ಆಸಿಲೇಟರ್ 1ರ ಸೈನ್ (ನುಣುಪಾದ ಅಲೆ) ಸಾಲು, ಔಟ್‌ಪುಟ್ 1ರ ಕಂಬ. ಅಲ್ಲಿ ಒಂದು ಬಿಳಿ ಪಿನ್.
4. ಆಸಿಲೇಟರಿನ ಸೈನ್ ಲೆವೆಲ್ 5ಕ್ಕೆ. ಫ್ರೀಕ್ವೆನ್ಸಿ ಡಯಲ್ ನಡುಮಧ್ಯಕ್ಕೆ.
5. ಔಟ್‌ಪುಟ್ 1ರ ಲೆವೆಲ್ ನಿಧಾನಕ್ಕೆ ಏರಿಸಿ. ಹೆಡ್‌ಫೋನ್ ಇನ್ನೂ ಕಿವಿಗೆ ಬೇಡ, ಕೊರಳಲ್ಲಿರಲಿ.

ಒಂದು ಸದ್ದು ಬರಬೇಕಾದರೆ ಮೂರು ಬಾಗಿಲು ತೆರೆದಿರಬೇಕು: ಕೊಡುವವನ ಲೆವೆಲ್, ಪಿನ್, ತೆಗೆದುಕೊಳ್ಳುವವನ ಲೆವೆಲ್. ಪಿನ್ ಹಾಕಿದ ತಕ್ಷಣ ಸದ್ದು ಬರಬೇಕು ಅಂದುಕೊಳ್ಳುವವರು ಮೊದಲನೆಯದನ್ನು ಮರೆತಿರುತ್ತಾರೆ. ಸೈನ್‌ಗೊಂದು ಲೆವೆಲ್, ರ‍್ಯಾಂಪ್‌ಗೊಂದು ಲೆವೆಲ್ ಬೇರೆ ಬೇರೆ ಇವೆ (ಎರಡೂ ಒಂದೇ ಆಸಿಲೇಟರಿನ ಬೇರೆ ಬೇರೆ ಆಕಾರದ ಅಲೆಗಳು). ಸೈನ್ ಏರಿಸಿ ರ‍್ಯಾಂಪ್ ಸಾಲಿಗೆ ಪಿನ್ ಹಾಕಿದರೆ ಮೌನವೇ ಗತಿ.

ಸದ್ದು ಬಂದ ಮೇಲೆ ಅದೇ ಸಾಲಿನಲ್ಲಿ ಔಟ್‌ಪುಟ್ 2ಕ್ಕೂ ಒಂದು ಪಿನ್ ಹಾಕಿ. ಒಂದೇ ಸದ್ದು ಎರಡೂ ಕಡೆ ಬಂತು. ಆಮೇಲೆ ಔಟ್‌ಪುಟ್ 1ರ ಕಂಬದಲ್ಲೇ ನಾಯ್ಸ್‌ಗೊಂದು ಪಿನ್ ಹಾಕಿ. ಎರಡು ಸದ್ದು ಬೆರೆತವು. ಒಂದೇ ಸಾಲಿನಲ್ಲಿ ಹಲವು ಪಿನ್ ಅಂದರೆ ಹಂಚುವುದು, ಒಂದೇ ಕಂಬದಲ್ಲಿ ಹಲವು ಪಿನ್ ಅಂದರೆ ಬೆರೆಸುವುದು. ಮೊದಲ ದಿನಕ್ಕೆ ಇಷ್ಟು ಸಾಕು.

## ಹಂತ 6: ಎನ್ವಲಪ್, ಎಲ್ಲರೂ ಎಡವುವ ಜಾಗ

ಈ ಹಂತಕ್ಕೆ ಒಂದು ಇಡೀ ಸಂಜೆ ಇಟ್ಟುಕೊಳ್ಳಿ. ಎನ್ವಲಪ್ ಶೇಪರ್ ಅಂದರೆ ಸದ್ದು ಹೇಗೆ ಏರಿ ಇಳಿಯಬೇಕು ಅಂತ ತೀರ್ಮಾನಿಸುವ ಭಾಗ. ಗುರಿ ಸರಳ. ಆಸಿಲೇಟರ್ ಸದ್ದು ಫಿಲ್ಟರಿಗೆ ಹೋಗಿ, ಅಲ್ಲಿಂದ ಎನ್ವಲಪ್ ಶೇಪರಿಗೆ ಹೋಗಿ, ಅಲ್ಲಿಂದ ಹೊರಗೆ ಬರಬೇಕು. ತಂತಿ ಮೀಟಿದ ಹಾಗೆ ಎದ್ದು ಇಳಿಯಬೇಕು.

ಮೊದಲ ಪಿನ್: ಆಸಿಲೇಟರ್ 1ರ ರ‍್ಯಾಂಪ್ ಸಾಲಿನಿಂದ ಎಡಗಡೆಯ ಫಿಲ್ಟರ್ ಕಂಬಕ್ಕೆ. ಎರಡನೆಯದು: ಫಿಲ್ಟರ್ ಸಾಲಿನಿಂದ ಎನ್ವಲಪ್ ಕಂಬಕ್ಕೆ. ಮೂರನೆಯದು: ಎನ್ವಲಪ್ ಸಿಗ್ನಲ್ ಸಾಲಿನಿಂದ ಔಟ್‌ಪುಟ್ 1ಕ್ಕೆ. ಫಿಲ್ಟರಿನ ಫ್ರೀಕ್ವೆನ್ಸಿ ಅರ್ಧಕ್ಕಿಂತ ಮೇಲಿರಲಿ, ರೆಸ್ಪಾನ್ಸ್ ಸೊನ್ನೆಯ ಹತ್ತಿರ, ಲೆವೆಲ್ 6. ಎನ್ವಲಪ್ಪಿನ ಸಿಗ್ನಲ್ ಲೆವೆಲ್ ಕೂಡ 6.

ಇನ್ನು ನಾಲ್ಕು ನಾಬ್: ಅಟ್ಯಾಕ್, ಆನ್, ಡಿಕೇ, ಆಫ್. ಬೇರೆ ಸಿಂತ್‌ಗಳ ಎಡಿಎಸ್ಆರ್ (ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್) ಕಲಿತು ಬಂದವರಿಗೆ ಇದು ತಲೆ ತಿರುಗಿಸುತ್ತದೆ. ಇಲ್ಲಿ ಸಸ್ಟೇನ್ ಇಲ್ಲ. ಅಟ್ಯಾಕ್ ಏರುವ ಹೊತ್ತು, ಆನ್ ಮೇಲೆ ನಿಲ್ಲುವ ಹೊತ್ತು, ಡಿಕೇ ಇಳಿಯುವ ಹೊತ್ತು. ಆಫ್ ಅಂದರೆ ಮುಂದಿನ ಸುತ್ತು ಶುರುವಾಗುವವರೆಗೆ ಸುಮ್ನೆ ಇರುವ ಹೊತ್ತು. ಆಫ್ ನಾಬ್ ಕಡಿಮೆ ಇದ್ದರೆ ಅದು ತಾನಾಗಿಯೇ ಮತ್ತೆ ಮತ್ತೆ ಹೊಡೆಯುತ್ತದೆ. ಪೂರ್ತಿ 10ಕ್ಕೆ ತಿರುಗಿಸಿದರೆ ಕಾದು ಕೂರುತ್ತದೆ, ನೀವು ಅಟ್ಯಾಕ್ ಬಟನ್ ಒತ್ತಿದಾಗ ಮಾತ್ರ ಏಳುತ್ತದೆ. ಪಕ್ಕದ ಕೆಂಪು ದೀಪ ನೋಡಿ, ಎನ್ವಲಪ್ ಓಡುತ್ತಿದೆಯೋ ಮಲಗಿದೆಯೋ ಗೊತ್ತಾಗುತ್ತದೆ.

ಎಡವುವ ಮೂರು ಜಾಗ ಹೇಳುತ್ತೇನೆ.

"ಎನ್ವಲಪ್ ಹಾಕಿದೆ, ಆದರೂ ಸದ್ದು ನಿಲ್ಲದೆ ಬರುತ್ತಲೇ ಇದೆ." 5ನೇ ಹಂತದ ಪಿನ್ ಇನ್ನೂ ಅಲ್ಲೇ ಇದೆ. ಆಸಿಲೇಟರ್ ಹಿಂಬಾಗಿಲಿನಿಂದ ನೇರ ಔಟ್‌ಪುಟ್ಟಿಗೆ ಹೋಗುತ್ತಿದೆ. ಔಟ್‌ಪುಟ್ ಕಂಬದ ಮೇಲಿನಿಂದ ಕೆಳಕ್ಕೆ ಬೆರಳು ಎಳೆಯಿರಿ, ಅಲ್ಲಿ ಒಂದೇ ಪಿನ್ ಇರಬೇಕು.

"ಟಪ್ ಟಪ್ ಅಂತ ಮಾತ್ರ ಕೇಳುತ್ತಿದೆ." ಎನ್ವಲಪ್ಪಿಗೆ ಎರಡು ಸಾಲುಗಳಿವೆ. ಒಂದು ಸಿಗ್ನಲ್, ಅದರಲ್ಲಿ ಸದ್ದು ಬರುತ್ತದೆ. ಇನ್ನೊಂದು ಟ್ರೆಪಿಜಾಯ್ಡ್, ಅದು ಏರಿಳಿಯುವ ವೋಲ್ಟೇಜ್ ಅಷ್ಟೇ. ನೀವು ಟ್ರೆಪಿಜಾಯ್ಡನ್ನು ಔಟ್‌ಪುಟ್ಟಿಗೆ ಕೊಟ್ಟಿದ್ದೀರಿ. ಅದರ ಜಾಗ ಬಲಗಡೆಯ ಕಂಬಗಳಲ್ಲಿ.

"ಏನೂ ಇಲ್ಲ." ಆಫ್ ನಾಬ್ 10ರಲ್ಲಿದೆ, ಬಟನ್ ಒತ್ತಿಲ್ಲ. ಇದಕ್ಕಾಗಿ ಒಬ್ಬ ಗೆಳೆಯ ಮಷೀನ್ ಪ್ಯಾಕ್ ಮಾಡಿ ನನ್ನ ಮನೆಯವರೆಗೆ ಹೊತ್ತುಕೊಂಡು ಬಂದಿದ್ದ. ಟೇಬಲ್ ಮೇಲಿಟ್ಟು ಬಟನ್ ಒತ್ತಿದೆ. "ಟೊಂಯ್" ಅಂತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸರಿಯಾದ ಮೇಲೆ ನಾಲ್ಕನೇ ಪಿನ್ ಹಾಕಿ: ಟ್ರೆಪಿಜಾಯ್ಡ್ ಸಾಲಿನಿಂದ ಬಲಗಡೆಯ ಫಿಲ್ಟರ್ ಕಂಬಕ್ಕೆ. ಈಗ ಪ್ರತಿ ಹೊಡೆತಕ್ಕೂ ಫಿಲ್ಟರ್ ಬಾಯಿ ಬಿಟ್ಟು ಮುಚ್ಚುತ್ತದೆ. ರೆಸ್ಪಾನ್ಸ್ ಸ್ವಲ್ಪ ಏರಿಸಿದರೆ ನೀರಿನ ಹನಿ ಬಿದ್ದ ಹಾಗೆ ಕೇಳುತ್ತದೆ.

## ಹಂತ 7: ಅಲುಗಾಡಿಸುವವರು

ಆಸಿಲೇಟರ್ 3 ಉಳಿದೆರಡಕ್ಕಿಂತ ನಿಧಾನ. ಒಂದು ಸುತ್ತು ಮುಗಿಸಲು ಹತ್ತಾರು ಸೆಕೆಂಡ್ ತೆಗೆದುಕೊಳ್ಳುವಷ್ಟು ಕೆಳಕ್ಕೆ ಇಳಿಯುತ್ತದೆ. ಇದನ್ನು ಬಲಗಡೆಯ ಕಂಬಗಳಿಗೆ ಕೊಡಿ. ಮೊದಲು ಹಸಿರು ಪಿನ್, ಸಾಲದಿದ್ದರೆ ಬಿಳಿ.

ಜಾಯ್‌ಸ್ಟಿಕ್ ಬಿಟ್ಟರೆ ತಾನಾಗಿ ನಡುವಿಗೆ ಬರುವುದಿಲ್ಲ, ಬಿಟ್ಟಲ್ಲೇ ನಿಲ್ಲುತ್ತದೆ. ನಿನ್ನೆ ರಾತ್ರಿ ಮೂಲೆಗೆ ತಳ್ಳಿದ್ದರೆ ಇವತ್ತು ಬೆಳಿಗ್ಗೆ ಶ್ರುತಿ ಎಲ್ಲೋ ಇರುತ್ತದೆ. ಅದರ ಎರಡು ರೇಂಜ್ ನಾಬ್‌ಗಳು ಸೊನ್ನೆಯಲ್ಲಿದ್ದರೆ ಎಷ್ಟು ತಳ್ಳಿದರೂ ಏನೂ ಆಗುವುದಿಲ್ಲ.

ಎರಡು ಸದ್ದುಗಳನ್ನು ಗುಣಿಸಿ ಹೊಸ ಸದ್ದು ಮಾಡುವ ರಿಂಗ್ ಮಾಡ್ಯುಲೇಟರಿಗೆ ಎರಡು ಕಂಬ ಇವೆ, ಎರಡಕ್ಕೂ ಏನಾದರೂ ಕೊಡಲೇಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ಸಣ್ಣಗೆ ಸೋರಿದ ಸದ್ದು ಬಿಟ್ಟು ಬೇರೇನೂ ಬರುವುದಿಲ್ಲ.

## ಹಂತ 8: ಸದ್ದು ನಿಂತರೆ ಹುಡುಕುವ ಕ್ರಮ

ಎಲ್ಲ ಪಿನ್ ಕೀಳಬೇಡಿ. ಕಿತ್ತರೆ ತಪ್ಪು ಎಲ್ಲಿತ್ತು ಅಂತ ಎಂದೂ ತಿಳಿಯುವುದಿಲ್ಲ, ನಾಳೆ ಮತ್ತೆ ಅದೇ ತಪ್ಪು ಮಾಡುತ್ತೀರಿ.

ಹೊರಗಿನಿಂದ ಒಳಕ್ಕೆ ಬನ್ನಿ. ಮೊದಲು ನಾಯ್ಸ್ ಸಾಲಿನಿಂದ ಔಟ್‌ಪುಟ್ಟಿಗೆ ಒಂದು ಪಿನ್ ಹಾಕಿ. ಭೋರ್ ಅಂತ ಕೇಳಿದರೆ ಔಟ್‌ಪುಟ್, ಕೇಬಲ್, ಮಿಕ್ಸರ್ ಎಲ್ಲ ಸರಿ ಇವೆ. ಆಮೇಲೆ ಆ ಪಿನ್ ತೆಗೆದು, ಸರಪಳಿಯ ಕೊನೆಯ ಭಾಗದಿಂದ ಹಿಂದಕ್ಕೆ ಒಂದೊಂದನ್ನೇ ನೇರ ಔಟ್‌ಪುಟ್ಟಿಗೆ ಕೊಟ್ಟು ನೋಡಿ. ಎನ್ವಲಪ್ಪಿನಲ್ಲಿ ಸದ್ದಿಲ್ಲ, ಫಿಲ್ಟರಿನಲ್ಲಿ ಇದೆ ಅಂದರೆ ತೊಂದರೆ ಅವೆರಡರ ನಡುವೆ.

ಹಾಗೆಯೇ ಮ್ಯಾಟ್ರಿಕ್ಸಿನಲ್ಲಿ ಮೀಟರಿಗೂ ಒಂದು ಕಂಬ ಇದೆ, ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಕಿವಿಗೆ ಕೇಳದ ಹತೋಟಿ ವೋಲ್ಟೇಜನ್ನು ನೋಡಲು ಅದೊಂದೇ ದಾರಿ. ಸ್ವಿಚ್ಚನ್ನು ಕಂಟ್ರೋಲ್ ಕಡೆಗೆ ಹಾಕಿ ಆಸಿಲೇಟರ್ 3ನ್ನು ಕೊಡಿ. ಮುಳ್ಳು ಅತ್ತಿತ್ತ ತೂಗಿದರೆ ಅದು ಬದುಕಿದೆ.

ಪಿನ್ ಮೆಲ್ಲಗೆ ತಿರುಗಿಸಿದಾಗ ಸದ್ದು ಬಂದು ಹೋಗುತ್ತಿದ್ದರೆ ಕೊಳೆ. ಹಾಕದ ಪಿನ್ನಿನ ಸದ್ದು ಸಣ್ಣಗೆ ಸೋರಿ ಕೇಳುತ್ತಿದ್ದರೆ ಗಾಬರಿ ಬೇಡ, ಈ ಮ್ಯಾಟ್ರಿಕ್ಸಿನ ಹುಟ್ಟುಗುಣ ಅದು.

## ಹಂತ 9: ಫೀಡ್‌ಬ್ಯಾಕ್

ಫೀಡ್‌ಬ್ಯಾಕ್ ಅಂದರೆ ಹೊರಗೆ ಬಂದ ಸದ್ದನ್ನೇ ಮತ್ತೆ ಒಳಕ್ಕೆ ಕೊಡುವುದು. ಈ ಮಷೀನನ್ನು ಜನ ಹುಡುಕಿಕೊಂಡು ಹೋಗುವುದೇ ಇದಕ್ಕೆ. ಕೇಬಲ್ ಸಿಂತ್‌ನಲ್ಲಿ ಎರಡು ಸಲ ಯೋಚಿಸುವ ಜೋಡಣೆ ಇಲ್ಲಿ ಅರ್ಧ ಇಂಚಿನ ಕೆಲಸ. ಫಿಲ್ಟರ್ ಸಾಲಿನಿಂದ ರಿವರ್ಬಿಗೆ, ರಿವರ್ಬ್ ಸಾಲಿನಿಂದ ಮತ್ತೆ ಫಿಲ್ಟರಿಗೆ. ಹೊರಗೆ ಕೇಳಲು ಫಿಲ್ಟರಿನಿಂದ ಔಟ್‌ಪುಟ್ಟಿಗೊಂದು ಪಿನ್. ರಿವರ್ಬ್ ಲೆವೆಲ್ ಕೂದಲೆಳೆಯಷ್ಟು ಏರಿಸುತ್ತಾ ಹೋಗಿ. ಒಂದು ಜಾಗದಲ್ಲಿ ಮಷೀನ್ ತಾನೇ ಹಾಡಲು ಶುರು ಮಾಡುತ್ತದೆ. ಆಸಿಲೇಟರ್ ಬೇಕಾಗಿಯೇ ಇಲ್ಲ. ಒಳಗಿರುವುದು ಸ್ಪ್ರಿಂಗ್ ರಿವರ್ಬ್, ಪೆಟ್ಟಿಗೆಗೆ ಬೆರಳಲ್ಲಿ ತಟ್ಟಿದರೆ ಗುಡುಗುತ್ತದೆ.

ಕ್ರಮ ಮಾತ್ರ ತಪ್ಪಿಸಬೇಡಿ. ಔಟ್‌ಪುಟ್ ಇಳಿಸಿ, ಪಿನ್ ಹಾಕಿ, ಮತ್ತೆ ಏರಿಸಿ. ಈ ಸುತ್ತಿನ ಮೊದಲ ಪಿನ್ ಹಸಿರೇ ಇರಲಿ. ಬಿಳಿ ಪಿನ್ ಹಾಕಿ ಲೆವೆಲ್ ಪೂರ್ತಿ ಬಿಟ್ಟರೆ ಸ್ಪೀಕರಿನ ಟ್ವೀಟರ್ ಹೋಗಬಹುದು, ಕಿವಿಯೂ.

## ಹಂತ 10: ಶ್ರುತಿ ಮತ್ತು ಹೊರಗಿನ ಕೀಬೋರ್ಡ್

ಶ್ರುತಿ ಪೆಟ್ಟಿಗೆ ಹಾಕಿಕೊಂಡು ಆಸಿಲೇಟರ್ 1ನ್ನು ಷಡ್ಜಕ್ಕೆ ತನ್ನಿ. ಎರಡೂ ಹತ್ತಿರ ಬಂದಾಗ ಸದ್ದು ತೂಗಾಡುತ್ತದೆ, ತೂಗಾಟ ನಿಧಾನವಾಗುತ್ತಾ ನಿಂತರೆ ಸೇರಿತು. ಐದು ನಿಮಿಷ ಬಿಟ್ಟು ಕೇಳಿ, ಮತ್ತೆ ತೂಗಾಡುತ್ತಿರುತ್ತದೆ. ಫ್ಯಾನ್ ಗಾಳಿ ನೇರ ಬಿದ್ದರೆ ಇನ್ನೂ ಜಾಸ್ತಿ. ಇದರಲ್ಲಿ ರಾಗ ನುಡಿಸುತ್ತೇನೆ ಅಂತ ಕೊಂಡವರಿಗೆ ನನ್ನ ಮಾತು ಹಿಡಿಸಲಿಕ್ಕಿಲ್ಲ, ಆದರೆ ಅದಕ್ಕೆ ಬೇರೆ ಮಷೀನ್ ನೋಡಿ.

ಈಗಿನ ಮಾಡ್ಯುಲರ್ (ಬಿಡಿ ಭಾಗ ಸೇರಿಸಿ ಕಟ್ಟುವ ಸಿಂತ್) ಸಾಮಾನುಗಳಲ್ಲಿ ಬಹುತೇಕ ಸ್ವರ ಒಂದು ಸ್ಥಾಯಿ ಏರಲು 1 ವೋಲ್ಟ್. ಸಿಂಥಿಯಲ್ಲಿ ಒಂದು ಸ್ಥಾಯಿಗೆ ಸುಮಾರು 0.32 ವೋಲ್ಟ್. ನೇರ ಜೋಡಿಸಿದರೆ ಒಂದು ಸ್ಥಾಯಿ ಏರಬೇಕಾದ ಕಡೆ ಮೂರು ಸ್ಥಾಯಿ ಹಾರುತ್ತದೆ. ನಡುವೆ ವೋಲ್ಟೇಜ್ ತಗ್ಗಿಸುವ ಸಾಧನ ಬೇಕು. ಒಂದೇ ಕೀಬೋರ್ಡ್ ಸಾಲಿನಿಂದ ಎರಡನೇ ಆಸಿಲೇಟರಿಗೂ ಪಿನ್ ಹಾಕಿದರೆ ಮೊದಲನೆಯದರ ಶ್ರುತಿ ಸ್ವಲ್ಪ ಜಾರಬಹುದು. ಎಲ್ಲ ಪಿನ್ ಹಾಕಿ ಮುಗಿಸಿದ ಮೇಲೆಯೇ ಶ್ರುತಿ ಮಾಡಿ.

## ಹಂತ 11: ಬರೆದಿಡುವುದು

ಅಸಲಿ ಮಷೀನಿನಲ್ಲಿ ಮೆಮೊರಿ ಇಲ್ಲ. ಇಎಂಎಸ್‌ನವರು ಡೋಪ್ ಶೀಟ್ ಅನ್ನುವ ಅಚ್ಚಾದ ಹಾಳೆ ಕೊಡುತ್ತಿದ್ದರು, ಅದರ ಮೇಲೆ ಪಿನ್ ಜಾಗ ಮತ್ತು ನಾಬ್ ಅಂಕಿ ಗುರುತು ಹಾಕಿಕೊಳ್ಳುವುದು. ಚೌಕುಳಿ ಹಾಳೆಯಲ್ಲಿ 16 ಬೈ 16 ಚೌಕ ಎಳೆದರೂ ನಡೆಯುತ್ತದೆ. ಬಣ್ಣದ ಪೆನ್ಸಿಲ್ ಬೇಕಾಗುವುದು ಇಲ್ಲಿ. ಮೊಬೈಲ್ ಫೋಟೊ ಒಂದನ್ನೇ ನೆಚ್ಚಬೇಡಿ. ಓರೆಯಿಂದ ತೆಗೆದ ಫೋಟೊದಲ್ಲಿ ಪಿನ್ ಪಕ್ಕದ ತೂತಿನಲ್ಲಿದ್ದ ಹಾಗೆ ಕಾಣುತ್ತದೆ.

## ಹಂತ 12: ಪಿನ್ ಆರೈಕೆ

ಪಿನ್ ನೇರ ಇಳಿಯಬೇಕು, ನೇರ ಏಳಬೇಕು. ಓರೆ ಎಳೆದರೆ ಮುರಿಯುತ್ತದೆ. ಕೂರಲು ಒಪ್ಪದಿದ್ದರೆ ಒತ್ತಬೇಡಿ, ಟಾರ್ಚ್ ಹಿಡಿದು ತೂತಿನೊಳಗೆ ನೋಡಿ. ತಿಂಗಳಿಗೊಮ್ಮೆ ಪಿನ್‌ಗಳನ್ನು ಆಲ್ಕೋಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸುವುದು ಒಳ್ಳೆಯದು, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮ್ಯಾಟ್ರಿಕ್ಸ್ ಒಳಕ್ಕೆ ಯಾವ ಸ್ಪ್ರೇಯನ್ನೂ ಹೊಡೆಯಬೇಡಿ. ಎಣ್ಣೆ ಇರುವ ಸ್ಪ್ರೇ ಅಂತೂ ಧೂಳು ಹಿಡಿದು 256 ತೂತುಗಳನ್ನೂ ಒಟ್ಟಿಗೆ ಕೆಡಿಸುತ್ತದೆ. ತೂತು ಸ್ವಚ್ಛ ಮಾಡಲು ಒರೆಸಿದ ಪಿನ್ನನ್ನೇ ನಾಲ್ಕೈದು ಸಲ ಹಾಕಿ ತೆಗೆಯುವುದು ಸಾಕು.

ನನ್ನ ಮಷೀನಿನ ಆ ಮುರಿದ ತುದಿಯನ್ನು ನಾನು ಚಿಮುಟದಲ್ಲಿ ಕೀಳಲು ಹೋಗಿ ಇನ್ನೂ ಒಳಕ್ಕೆ ತಳ್ಳಿದೆ. ಕೊನೆಗೆ ಮೆಕ್ಯಾನಿಕ್ ಮ್ಯಾಟ್ರಿಕ್ಸ್ ಬಿಚ್ಚಿ ಹಿಂದಿನಿಂದ ತೆಗೆದುಕೊಟ್ಟರು. ಒಂದು ಅಕ್ಕಿ ಕಾಳಿನಷ್ಟಿತ್ತು. ನಿಮಗೂ ಅಂಥದ್ದು ಕಂಡರೆ ಮುಟ್ಟದೆ ಅವರ ಹತ್ತಿರ ಒಯ್ಯಿರಿ.